ಮಜ್ಜಿಗೆ ಚೆನ್ನಾಗಿತ್ತು

ಮದುವೆ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯಲು ಹೊರಟಾಗ ಹುಡುಗಿಯ ತಂದೆ ಎದುರಿಗೆ ಬಂದು, ಎರಡೂ ಕೈ ಜೋಡಿಸಿ, ‘ಊಟ ಹೇಗಿತ್ತು?’ ಎಂದು ಕೇಳುತ್ತಾರಲ್ಲ, ಮನುಷ್ಯನ ನಿಜವಾದ ಸ್ವಭಾವ ಹೊರಬೀಳುವುದು ಆಗ. ಹುಳಿಗೆ ಉಪ್ಪು ಎರಡು ಸಲ ಬಿದ್ದಿರುತ್ತದೆ, ಚಿತ್ರಾನ್ನಕ್ಕೆ ಬಿದ್ದೇ ಇರುವುದಿಲ್ಲ. ಹಾಗೆಂದು ಹೇಳುವುದುಂಟೇ? ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಚೆನ್ನಾಗಿತ್ತು ಎಂದು ಹಸಿ ಸುಳ್ಳು ಹೇಳಲೂ ನನ್ನಂಥವನಿಗೆ ಮನಸ್ಸು ಬಾರದು. ಆದ್ದರಿಂದ ನಾನು ‘ಮಜ್ಜಿಗೆ ಬಹಳ ಚೆನ್ನಾಗಿತ್ತು’ ಎನ್ನುತ್ತೇನೆ. ಅದು ಸುಳ್ಳಲ್ಲ. ಎಂಥ ಅಡುಗೆಯವರ ಕೈಯಲ್ಲೂ ಮಜ್ಜಿಗೆ ಕೆಡುವುದು ಅಪರೂಪ. ಕೇಳಿದವರಿಗೂ ಸಂತೋಷ, ಹೇಳಿದವನಿಗೂ ಪಾಪವಿಲ್ಲ. ಇಷ್ಟಾದ ಮೇಲೆ ಎಲೆಅಡಿಕೆ ಹಾಕಿಕೊಂಡು ಮನೆಗೆ ಬರಬಹುದು.

ಈ ವಿದ್ಯೆ ನನಗೆ ವಂಶಪಾರಂಪರ್ಯವಾಗಿ ಬಂದದ್ದು. ತ್ಯಾಗರಾಜನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಸೂರು ಮಳೆಗಾಲದಲ್ಲಿ ಸೋರುತ್ತಿತ್ತು. ಹೋಗಿ ಹೇಳಿ ಎಂದು ಅಮ್ಮ ಬೆನ್ನು ಬಿದ್ದದ್ದಕ್ಕೆ ನಮ್ಮ ತಂದೆ ಒಂದು ಭಾನುವಾರ ಪಕ್ಕದಲ್ಲೇ ಇದ್ದ ಮನೆ ಮಾಲೀಕರ ಬಳಿ ಹೋದರು. ನೇರವಾಗಿ ಸೋರುವ ವಿಷಯ ಎತ್ತುವುದು ಹೇಗೆ? ಮೊದಲು ಅವರ ಅಂಗಳದ ಗುಲಾಬಿಗಳನ್ನು ಹೊಗಳಿದರು. ಮಾಲೀಕರು ಹಿಗ್ಗಿ ಹೀರೆಕಾಯಾಗಿ, ಕಾಫಿ ಕೊಟ್ಟು, ಕತ್ತರಿ ತರಿಸಿ ಒಂದು ಗುಲಾಬಿ ಕಡ್ಡಿಯನ್ನು ಕತ್ತರಿಸಿ ಕೊಟ್ಟರು. ಅಪ್ಪ ಅದನ್ನು ಹಿಡಿದುಕೊಂಡು ವಾಪಸು ಬಂದರು. ಆ ಮಳೆಗಾಲವೆಲ್ಲ ನಾವು ನಡುಮನೆಯಲ್ಲಿ ಬಕೆಟ್ ಇಟ್ಟು, ತುಂಬಿದಾಗಲೆಲ್ಲ ಆ ನೀರನ್ನು ಗುಲಾಬಿ ಗಿಡಕ್ಕೆ ಹಾಕಿದೆವು. ಗಿಡ ಮಾತ್ರ ಸೊಗಸಾಗಿ ಬಂತು.

ಇಂಥ ತಂದೆಯ ಮಗನಾದ ನಾನು ಮುಂದೆ ಒಂದು ಕಂಪನಿಯಲ್ಲಿ ಸರ್ವೀಸ್ ವಿಭಾಗದ ಮುಖ್ಯಸ್ಥನಾದೆ. ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಯುಪಿಎಸ್ ತಯಾರಿಸಿ ಮಾರುತ್ತಿದ್ದೆವು. ತೊಂಬತ್ತರ ದಶಕದ ಕೊನೆಯ ಮಾತು. ಮನೆಮನೆಗೂ ಕಂಪ್ಯೂಟರ್ ಬರತೊಡಗಿತ್ತು, ಸಂಜೆಯಾದರೆ ಕರೆಂಟು ಹೋಗುತ್ತಿತ್ತು. ದೀಪ ಹೋದ ಕೂಡಲೇ ಊರೆಲ್ಲ ವಿದ್ಯುತ್ ಇಲಾಖೆಗೆ ಶಾಪ ಹಾಕುತ್ತಿದ್ದರೆ ನಾವು ಮಾತ್ರ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆವು. ಕಂಪನಿಯನ್ನು ನಡೆಸುತ್ತಿದ್ದ ತಂಡವೆಂದರೆ ನಾಲ್ಕೇ ಜನ. ಮಾಲೀಕರಾದ ಅನಂತರಾಯರು, ಮಾರಾಟ ನೋಡಿಕೊಳ್ಳುತ್ತಿದ್ದ ಪ್ರಭಾಕರ, ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಮಹಾನಂದಾ ಮೇಡಂ ಮತ್ತು ನಾನು. ಪ್ರತಿ ಶನಿವಾರ ಬೆಳಿಗ್ಗೆ ರಾಯರ ಕೋಣೆಯಲ್ಲಿ ಮೀಟಿಂಗು. ರಾಯರ ಮನೆಯಿಂದ ತಿಂಡಿ ಬರುತ್ತಿತ್ತು. ತಿಂಡಿ ಹೇಗಿದ್ದರೂ ಚಟ್ನಿ ಚೆನ್ನಾಗಿದೆ ಎಂದು ನಾನು ಹೇಳುತ್ತಿದ್ದೆ.

ರಾಯರು ಬಂಗಾರದಂಥ ಮನುಷ್ಯ. ಕೆಲಸದವರ ಮೇಲೆ ಒಂದು ದಿನವೂ ದನಿ ಎತ್ತಿದವರಲ್ಲ. ತೊಂದರೆ ಶುರುವಾದದ್ದು ಅವರ ಆ ಒಳ್ಳೆಯತನದಿಂದಲೇ. ಯಾವುದೋ ಸಭೆಯಲ್ಲಿ ಯಾರೋ ಅವರಿಗೆ, ಮಾಲೀಕನಾದವನು ತಾನೇ ಗ್ರಾಹಕರೊಂದಿಗೆ ಮಾತಾಡಬೇಕು ಎಂದು ಹೇಳಿದ್ದರಂತೆ. ಒಂದು ವಾರ ಮಾಡಿ ನೋಡೋಣ ಎಂದು ರಾಯರು ಸಂಜೆ ಹೊತ್ತು ಫೋನಿನ ಮುಂದೆ ಕೂತರು. ತಾವೇ ಮಾಲೀಕರು ಎಂದು ಹೇಳಿಕೊಂಡರೆ ಅಹಂಕಾರವಾಗುತ್ತದೆ ಎಂದು ಬರೀ ‘ಯುಪಿಎಸ್ ಕಂಪನಿಯಿಂದ ಮಾತಾಡ್ತಾ ಇದ್ದೀನಿ’ ಎನ್ನುತ್ತಿದ್ದರು. ಆಮೇಲೆ, ‘ಏನಾದ್ರೂ ತೊಂದ್ರೆ ಇದೆಯಾ?’ ಎಂದು ಕೇಳುತ್ತಿದ್ದರು. ಆ ಶನಿವಾರ ನಮ್ಮನ್ನು ಅಭಿಪ್ರಾಯ ಕೇಳಿದರು. ಎಷ್ಟು ಜನ ಮಾಲೀಕರು ಹೀಗೆ ಮಾಡುತ್ತಾರೆ ಸಾರ್ ಎಂದು ನಾನೇ ಮೊದಲು ಹೊಗಳಿದೆ. ಉಳಿದಿಬ್ಬರೂ ತಲೆಯಾಡಿಸಿದರು. ಒಂದು ವಾರದ ಪ್ರಯೋಗ ನಿತ್ಯವ್ರತವಾಯಿತು.

ಬೆಂಗಳೂರಿನ ಗೃಹಸ್ಥರಿಗೆ ಫೋನ್ ಮಾಡಿ ಏನಾದರೂ ತೊಂದರೆ ಇದೆಯಾ ಎಂದು ಕೇಳಬಾರದು. ಕೇಳುವವರೆಗೆ ಇರುವುದಿಲ್ಲ, ಕೇಳಿದ ಮೇಲೆ ಇರುತ್ತದೆ. ಒಬ್ಬರಿಗೆ ಯುಪಿಎಸ್ ಕುಂಯ್ ಎನ್ನುವುದು ಆಗಷ್ಟೇ ಕೇಳಿಸಿತು. ಇನ್ನೊಬ್ಬರಿಗೆ ಕುಂಯ್ ಎನ್ನುತ್ತಿಲ್ಲವಲ್ಲ ಎಂದು ಗಾಬರಿಯಾಯಿತು. ರಾಯರು ಯಾರಿಗೂ ಇಲ್ಲ ಎಂದವರಲ್ಲ. ‘ಹುಡುಗ ಹೊರಟಿದಾನೆ, ಇನ್ನರ್ಧ ಗಂಟೇಲಿ ನಿಮ್ಮ ಬಾಗಿಲಲ್ಲಿರ್ತಾನೆ’ ಎಂದು ಮಾತು ಕೊಟ್ಟುಬಿಡುತ್ತಿದ್ದರು. ಆ ಹುಡುಗ ಆ ಹೊತ್ತಿನಲ್ಲಿ ಜೆ.ಪಿ. ನಗರದ ತುದಿಯಲ್ಲಿ ಯಾರದೋ ಮನೆಯ ಮಂಚದ ಕೆಳಗೆ ಬ್ಯಾಟರಿ ಎಳೆಯುತ್ತಿರುತ್ತಿದ್ದ. ಅವನ ಪೇಜರು ಕಿರುಗುಟ್ಟಿದಾಗ ಅವನು ಕಾಯಿನ್ ಬೂತು ಹುಡುಕಿಕೊಂಡು ಹೋಗಿ ನನಗೆ ಫೋನ್ ಮಾಡಿದರೆ, ಬನಶಂಕರಿಗೆ ಅರ್ಧ ಗಂಟೆಯಲ್ಲಿ ಹೋಗಬೇಕಂತಪ್ಪ ಎಂದು ನಾನು ಹೇಳಬೇಕು. ಬನಶಂಕರಿ ಎರಡನೇ ಹಂತದಲ್ಲಿ ಒಬ್ಬ ಅಜ್ಜಿಯಿದ್ದರು. ಅವರ ಯುಪಿಎಸ್ಸಿಗೆ ಯಾವ ರೋಗವೂ ಇರಲಿಲ್ಲ. ಆದರೆ ಬಂದ ಹುಡುಗನ ಕೈಯಲ್ಲಿ ಟ್ಯೂಬ್‌ಲೈಟ್ ಬದಲಾಯಿಸಿಕೊಂಡು, ಅಟ್ಟದ ಮೇಲಿನ ಒನಕೆ ಇಳಿಸಿಕೊಂಡು, ಉಪ್ಪಿಟ್ಟು ಕೊಟ್ಟು ಕಳಿಸುತ್ತಿದ್ದರು. ನಿಮ್ಮ ಕಂಪನಿಯವರು ಬಹಳ ಒಳ್ಳೆಯವರು, ಫೋನ್ ಮಾಡಿ ಕೇಳುತ್ತಾರೆ ಎಂದು ಬೀದಿಗೆಲ್ಲ ಹೇಳುತ್ತಿದ್ದರಂತೆ. ಅವರಿಂದ ಮಾರಾಟ ಹೆಚ್ಚಾಗಿದೆ ಎಂದು ಪ್ರಭಾಕರ ಖುಷಿಯಾಗಿದ್ದ.

ನನ್ನ ಹುಡುಗರಲ್ಲಿ ಹಿರಿಯನಾದ ಲೋಕೇಶ ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತ. ನಮ್ಮಲ್ಲಿ ದೊಡ್ಡ ಯಂತ್ರಗಳನ್ನು ಬಿಚ್ಚಿ ಮತ್ತೆ ಕೂಡಿಸಬಲ್ಲವನು ಅವನೊಬ್ಬನೇ. ಉಳಿದ ಹುಡುಗರಿಗೆಲ್ಲ ಗುರುವೂ ಅವನೇ. ‘ಸಾರ್, ನಾನು ಇಂಜಿನಿಯರೋ ಮನೆ ಅಳಿಯನೋ ನನಗೇ ಗೊತ್ತಾಗ್ತಿಲ್ಲ,’ ಎಂದ. ಹೊಸೂರು ರಸ್ತೆಯ ಇನ್ನೊಂದು ಕಂಪನಿಯವರು ಅವನನ್ನು ಕರೆಯುತ್ತಿದ್ದರಂತೆ. ‘ದೊಡ್ಡವರ ಹತ್ರ ನೀವು ಒಂದು ಮಾತು ಹೇಳಿ ಸಾರ್. ಈ ತಿಂಗಳು ನೋಡ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ.’ ಅವನು ಹೋದರೆ ಉಳಿದವರೂ ಅವನ ಹಿಂದೆಯೇ ಹೋಗುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆಗ ಸರ್ವೀಸ್ ವಿಭಾಗವೆಂದರೆ ನಾನು ಮತ್ತು ಒಂದು ಸ್ಕ್ರೂಡ್ರೈವರು. ಮ್ಯಾನೇಜರಾದ ಮೇಲೆ ನಾನು ಸ್ಕ್ರೂಡ್ರೈವರನ್ನು ಬೆನ್ನು ತುರಿಸಿಕೊಳ್ಳಲು ಬಿಟ್ಟರೆ ಬೇರೆ ಯಾವುದಕ್ಕೂ ಬಳಸಿರಲಿಲ್ಲ. ಸಂಸಾರಸ್ಥ, ಸ್ಟೂಲಿನ ಮೇಲೆ ನಿಂತರೂ ತಲೆ ಸುತ್ತುವವನು. ಹೇಳಲೇಬೇಕಾಗಿತ್ತು.

ದೇವರು ದೊಡ್ಡವನು ಎಂದುಕೊಂಡೆ, ಏಕೆಂದರೆ ಅದೇ ವಾರ ರಾಯರು ನಮಗೆಲ್ಲ ಒಂದು ದಿನದ ತರಬೇತಿ ಏರ್ಪಡಿಸಿದರು. ವಿಷಯ, ಮೇಲಿನ ಹಂತದಲ್ಲಿ ಕೆಲಸ ಮಾಡುವವರು ಒಬ್ಬರಿಗೊಬ್ಬರು ಫೀಡ್‌ಬ್ಯಾಕ್ ಕೊಡುವುದು ಹೇಗೆ. ಜಯನಗರದ ಹೋಟೆಲೊಂದರ ಪಾರ್ಟಿ ಹಾಲಿನಲ್ಲಿ ಟೈ ಕಟ್ಟಿದ ತರುಣನೊಬ್ಬ ನಮಗೆ ಪಾಠ ಮಾಡಿದ. ಟೀಕೆಯನ್ನು ಹಾಗೇ ಕೊಡಬಾರದಂತೆ. ಎರಡು ಬ್ರೆಡ್ಡಿನ ಚೂರುಗಳ ನಡುವೆ ಪಲ್ಯ ಇಟ್ಟ ಹಾಗೆ ಮೊದಲು ಒಂದು ಹೊಗಳಿಕೆ, ನಡುವೆ ತಿದ್ದಿಕೊಳ್ಳಬೇಕಾದ ಮಾತು, ಕೊನೆಗೆ ಇನ್ನೊಂದು ಹೊಗಳಿಕೆ. ಜೋಡಿ ಜೋಡಿಯಾಗಿ ಅಭ್ಯಾಸ ಮಾಡಿ ಎಂದ. ನನಗೆ ಪ್ರಭಾಕರ ಜೋಡಿ. ಅವನು ನನ್ನ ತಾಳ್ಮೆಯನ್ನು ಹೊಗಳಿದ, ನಾನು ಅವನ ಉತ್ಸಾಹವನ್ನು ಹೊಗಳಿದೆ, ಅವನು ನನ್ನ ಪ್ರಾಮಾಣಿಕತೆಗೆ ಬಂದ, ನಾನು ಅವನ ಹೊಸ ಶರಟಿಗೆ ಹೋದೆ. ಪಲ್ಯದ ಹತ್ತಿರ ಬರುವಷ್ಟರಲ್ಲಿ ಊಟಕ್ಕೆ ಕರೆದರು. ಮಧ್ಯಾಹ್ನ ತರುಣ ಬಂದು, ತಿದ್ದಿಕೊಳ್ಳಬೇಕಾದ್ದು ಏನಾದರೂ ಹೇಳಿದಿರಾ ಎಂದು ಕೇಳಿದ. ‘ಮೂರ್ತಿ ತುಂಬಾ ಕೆಲಸ ಮಾಡ್ತಾರೆ, ಸ್ವಲ್ಪ ಆರೋಗ್ಯ ನೋಡ್ಕೋಬೇಕು ಅಂತ ಹೇಳ್ದೆ’ ಎಂದು ಪ್ರಭಾಕರ ನನ್ನ ಕಡೆ ಕೈ ತೋರಿಸಿ ಗಂಭೀರವಾಗಿ ಹೇಳಿದ. ತರುಣ ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿ ಮುಂದಿನ ಜೋಡಿಗೆ ಹೋದ.

ಇನ್ನು ಮುಂದೆ ಪ್ರತಿ ಶನಿವಾರ ಒಬ್ಬರಿಗೊಬ್ಬರು ಮನಸ್ಸು ಬಿಚ್ಚಿ ಮಾತಾಡೋಣ, ನನಗೂ ಹೇಳಿ, ಸಂಕೋಚ ಬೇಡ ಎಂದು ರಾಯರು ಸಾರಿದರು. ಬೆಕ್ಕೇ ಬಂದು ಗಂಟೆ ಕಟ್ಟಿ ಎಂದು ಕತ್ತು ಒಡ್ಡಿದ ಮೇಲೆ ಇಲಿಗೆ ಇನ್ನೇನು ಬೇಕು? ನಾನು ಶುಕ್ರವಾರ ಸಂಜೆಯಿಂದ ಮಾತನ್ನು ಉರು ಹೊಡೆದೆ. ಸ್ನಾನದ ಮನೆಯಲ್ಲಿ ಗೋಡೆಗೆ ಹೇಳಿ ನೋಡಿದಾಗ ಚೆನ್ನಾಗಿಯೇ ಬಂತು. ಶನಿವಾರ ಮೊದಲ ಬ್ರೆಡ್ಡು ಇಟ್ಟೆ. ಸಾರ್, ನಿಮ್ಮ ದನಿ ಕೇಳಿದರೆ ಗ್ರಾಹಕರಿಗೆ ಎಷ್ಟು ಧೈರ್ಯ ಬರುತ್ತದೆ ಗೊತ್ತೇ ಎಂದೆ. ರಾಯರ ಮುಖ ಅರಳಿತು. ಹೌದೇ ಮೂರ್ತಿ, ನಿಜವಾಗಿಯೂ ಹೌದೇ ಎಂದು ಎರಡು ಸಲ ಕೇಳಿದರು. ಆ ಮುಖದಲ್ಲಿದ್ದ ಸಂತೋಷಕ್ಕೆ ಕಲ್ಲು ಹಾಕಲು ನನಗೆ ಕೈ ಬರಲಿಲ್ಲ. ಪಲ್ಯವನ್ನು ಎತ್ತಿ ಪಕ್ಕಕ್ಕಿಟ್ಟು ನೇರವಾಗಿ ಎರಡನೇ ಬ್ರೆಡ್ಡಿಗೆ ಹೋದೆ. ಸೋಮವಾರದಿಂದ ರಾಯರು ಬೆಳಗಿನ ಹೊತ್ತೂ ಫೋನ್ ಮಾಡತೊಡಗಿದರು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎನ್ನುತ್ತಾರಲ್ಲ, ಹಾಗಾಯಿತು.

ಮುಂದಿನ ಶನಿವಾರ ನಮ್ಮೂರಿನ ಹಳೆಯ ಉಪಾಯಕ್ಕೆ ಶರಣಾದೆ. ನಾವು ಯಾವುದನ್ನೂ ನಮ್ಮ ಮಾತಾಗಿ ಹೇಳುವುದಿಲ್ಲ. ಯಾರೋ ಅಂತಿದ್ದರು ಎನ್ನುತ್ತೇವೆ. ಈ ‘ಯಾರೋ’ ಎಂಬ ಮಹಾನುಭಾವ ಇಲ್ಲದಿದ್ದರೆ ಬಸವನಗುಡಿಯಿಂದ ಬನಶಂಕರಿವರೆಗೆ ಸಂಸಾರಗಳು ನಡೆಯುತ್ತಲೇ ಇರಲಿಲ್ಲ. ಸೊಸೆಗೆ ಬುದ್ಧಿ ಹೇಳುವವನು ಅವನೇ, ಪಕ್ಕದ ಮನೆಯ ರೇಡಿಯೋ ಸದ್ದು ತಗ್ಗಿಸುವವನೂ ಅವನೇ. ನಾನೂ ಅವನನ್ನೇ ಕರೆದೆ. ಪದೇ ಪದೇ ಫೋನ್ ಬಂದರೆ ಸ್ವಲ್ಪ ಕಿರಿಕಿರಿಯಾಗುತ್ತದೆ ಎಂದು ಯಾರೋ ಗ್ರಾಹಕರು ಅಂತಿದ್ದರಂತೆ ಸಾರ್, ನನಗೇನೂ ಹಾಗನ್ನಿಸುವುದಿಲ್ಲ ಎಂದೆ. ರಾಯರಿಗೆ ತುಂಬ ನೋವಾಯಿತು. ಯಾರು ಎಂದು ಕೇಳಿದರು. ಹೆಸರು ನೆನಪಿಲ್ಲ ಎಂದೆ. ಯಾವ ಬಡಾವಣೆ ಎಂದರು. ಸರಿಯಾಗಿ ಗೊತ್ತಿಲ್ಲ ಸಾರ್ ಎಂದೆ. ಪಾಪ, ಅವರನ್ನು ಹುಡುಕಿ ಕ್ಷಮೆ ಕೇಳಲೇಬೇಕು ಎಂದು ರಾಯರು ನಿಶ್ಚಯಿಸಿದರು. ಹುಡುಕುವುದು ಹೇಗೆ? ನಮ್ಮ ಗ್ರಾಹಕರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ. ಅಲ್ಲಿಯವರೆಗೆ ಕರೆ ಹೋಗದೆ ಉಳಿದಿದ್ದ ಮನೆಗಳಿಗೂ ಈಗ ಕರೆ ಹೋಯಿತು. ಲೋಕೇಶ ನನ್ನ ಮೇಜಿನ ಮುಂದೆ ಹಾದುಹೋಗುವಾಗ ಗೋಡೆಯ ಕ್ಯಾಲೆಂಡರನ್ನು ಒಮ್ಮೆ ನೋಡಿಕೊಂಡು ಹೋಗುತ್ತಿದ್ದ.

ಇನ್ನುಳಿದದ್ದು ಮಹಾನಂದಾ ಮೇಡಂ. ಅವರು ಧಾರವಾಡದ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಪ್ರಭಾಕರನ ಪ್ರವಾಸದ ಬಿಲ್ಲನ್ನು ಎಲ್ಲರ ಮುಂದೆ ವಾಪಸು ಕೊಟ್ಟು, ‘ಇದು ನಡಿಯೂದಿಲ್ರಿ’ ಎಂದವರು. ಅಂಥ ವಾಕ್ಯವನ್ನು ಆ ಕಚೇರಿ ಅದುವರೆಗೆ ಕೇಳಿರಲಿಲ್ಲ. ಪ್ರಭಾಕರ ವಾರಗಟ್ಟಲೆ ಊಟ ಸೇರದೆ ಓಡಾಡಿದ್ದ. ನಾನು ಅವರ ಬಳಿ ಹೋಗಿ ಕಷ್ಟ ತೋಡಿಕೊಂಡೆ. ‘ಅದಕ್ಯಾಕ ಇಷ್ಟು ತ್ರಾಸ ಮಾಡ್ಕೋತೀರಿ? ನಾನ ಹೇಳ್ತೀನ್ರಿ’ ಎಂದು ಅವರು ಒಂದೇ ಮಾತಿನಲ್ಲಿ ಒಪ್ಪಿಕೊಂಡರು. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಶನಿವಾರ ಮಹಾನಂದಾ ಮೇಡಂ ಕುರ್ಚಿಯಲ್ಲಿ ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡರು. ನಾನು ಮೇಜಿನ ಕೆಳಗೆ ಕೈ ಮುಗಿದುಕೊಂಡಿದ್ದೆ. ರಾಯರ ದನಿ ಈಚೆಗೆ ಕಟ್ಟಿತ್ತು, ಬಾಯಲ್ಲಿ ಸದಾ ಕಲ್ಲುಸಕ್ಕರೆ. ಅದನ್ನು ಕೆನ್ನೆಗೆ ಸರಿಸಿ, ಹೇಳಮ್ಮಾ ಎಂದು ನಕ್ಕರು. ಆ ನಗುವೇ ಕೆಲಸ ಕೆಡಿಸಿತು. ‘ಸರ್, ನೀವು ಫೋನ್ ಮಾಡೂದು...’ ಎಂದು ಮೇಡಂ ಶುರುಮಾಡಿದವರು ನಿಂತರು. ನನ್ನನ್ನು ನೋಡಿದರು, ರಾಯರನ್ನು ನೋಡಿದರು. ‘ಭಾಳ ಚಲೋ ಅದರಿ. ಆದ್ರ ಒಂದ್ ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರ...’ ಎಂದು ಹೇಳಿ ಮುಂದಿನದನ್ನು ಇಡ್ಲಿಯ ಜೊತೆ ನುಂಗಿದರು. ಅಡ್ಜಸ್ಟ್ ಮಾಡಿಕೊಂಡೇ ಮಾಡುತ್ತಿದ್ದೇನಮ್ಮ, ರಾತ್ರಿ ಊಟ ಕೂಡ ತಣ್ಣಗಾಗುತ್ತದೆ ಎಂದು ರಾಯರು ಹೇಳಿದರು. ಆ ಮಾತಿನಲ್ಲಿ ಏನೋ ಇತ್ತು, ಆದರೆ ನನ್ನ ಚಿಂತೆಯಲ್ಲಿ ನಾನಿದ್ದದ್ದರಿಂದ ಅದು ಕಿವಿಯ ಪಕ್ಕದಲ್ಲೇ ಹೋಯಿತು. ಹೊರಗೆ ಬಂದ ಮೇಲೆ ಮೇಡಂ ನನ್ನ ಮುಖ ನೋಡಲು ನಾಚಿದರು. ‘ಏನ್ ಮಾಡ್ಲಿರಿ ಮೂರ್ತಿಯವರ, ಅವರ ಮುಖಾ ನೋಡಿದ ಕೂಡ್ಲೆ ಬಾಯಿ ಬರಲಿಲ್ಲ. ನಿಮ್ಮೂರ ನೀರು ಕುಡದ ಕುಡದ ನಾನೂ ನಿಮ್ಹಂಗ ಆಗೇನಿ,’ ಎಂದರು. ಕಾವೇರಿ ನೀರಿನ ಮಹಿಮೆಯ ಬಗ್ಗೆ ಕೇಳಿದ್ದೆ, ಧಾರವಾಡದವರನ್ನೂ ಹೀಗೆ ಮಾಡೀತೆಂದು ತಿಳಿದಿರಲಿಲ್ಲ.

ತಿಂಗಳು ಮುಗಿಯುತ್ತ ಬಂದಿತ್ತು. ಮನೆಯಲ್ಲೂ ನಾನು ಚಿಂತೆಯಲ್ಲೇ ಇರುತ್ತಿದ್ದೆ. ನನ್ನ ಹೆಂಡತಿ ಸರಳಾಳಿಗೆ ಕಾರಣ ಗೊತ್ತಿತ್ತು, ಏಕೆಂದರೆ ಕಚೇರಿಯಲ್ಲಿ ಹೇಳಲಾಗದ್ದನ್ನೆಲ್ಲ ನಾನು ಅವಳಿಗೆ ಹೇಳುತ್ತಿದ್ದೆ. ಹೇಳಬೇಕಾದವರಿಗೆ ಬಿಟ್ಟು ಉಳಿದವರಿಗೆಲ್ಲ ಹೇಳುವುದೂ ನಮ್ಮ ವಂಶದ ಪದ್ಧತಿಯೇ. ಮಗಳ ಶಾಲೆಯ ಹಾಡಿನ ಸ್ಪರ್ಧೆಗೆ ಬರುತ್ತೇನೆಂದು ಹೇಳಿ, ಬನಶಂಕರಿಯ ಅಜ್ಜಿಯ ಮನೆಗೆ ಹುಡುಗ ಸಿಗದೆ ನಾನೇ ಹೋಗಿ, ಅವರ ಅಟ್ಟದಿಂದ ಒಂದು ಹಿತ್ತಾಳೆ ಕೊಳಗ ಇಳಿಸಿಕೊಟ್ಟು ಬಂದಿದ್ದೆ. ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಸರಳಾ ಆ ದಿನ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಎಲ್ಲೋ ಜಮೆಯಾಗುತ್ತಿದೆ ಎಂದೇ ಲೆಕ್ಕ.

ಅದರ ಮಾರನೆಯ ವಾರ ಸಂಜೆ ಊಟಕ್ಕೆ ಕೂತಾಗ ಸರಳಾ ಎಂದಿಲ್ಲದ ಗೆಲುವಿನಲ್ಲಿದ್ದಳು. ಅನ್ನ ಬಡಿಸುತ್ತ, ನಿಮ್ಮ ಕಂಪನಿಯಿಂದ ಯಾರೋ ಫೋನ್ ಮಾಡಿದ್ದರು ಎಂದಳು. ನಮ್ಮ ಮನೆಯಲ್ಲೂ ಕಂಪನಿಯ ಒಂದು ಯುಪಿಎಸ್ ಇತ್ತು, ಕೊಂಡದ್ದು ಅವಳ ಹೆಸರಿನಲ್ಲಿ. ವಯಸ್ಸಾದವರ ದನಿಯಂತೆ, ಪಾಪ ಗಂಟಲು ಕಟ್ಟಿತ್ತಂತೆ, ಬಹಳ ಮರ್ಯಾದೆಯಾಗಿ ಏನಾದರೂ ತೊಂದರೆ ಇದೆಯಾ ತಾಯಿ ಎಂದು ಕೇಳಿದರಂತೆ. ನನ್ನ ಕೈಯ ತುತ್ತು ಅಲ್ಲೇ ನಿಂತಿತು. ನೀನೇನು ಹೇಳಿದೆ ಎಂದು ಕೇಳಿದೆ.

‘ಇದ್ದದ್ದು ಹೇಳ್ದೆ. ಮಷೀನಿಗೇನೂ ತೊಂದ್ರೆ ಇಲ್ಲ, ನಿಮ್ಮ ಮಾಲೀಕರು ಕಂಡಕಂಡೋರಿಗೆಲ್ಲ ಫೋನ್ ಮಾಡಿ ಅರ್ಧ ಗಂಟೇಲಿ ಹುಡುಗ ಬರ್ತಾನೆ ಅಂತ ಮಾತು ಕೊಡ್ತಾರಲ್ಲ, ಅದೇ ತೊಂದ್ರೆ ಅಂದೆ. ಒಳ್ಳೆ ಕೆಲಸಗಾರರು ಬಿಟ್ಟು ಹೋಗ್ತಾ ಇದಾರಂತೆ, ನಮ್ಮನೆಯವರು ಮಗಳ ಹಾಡು ಬಿಟ್ಟು ಯಾರ್ದೋ ಮನೆ ಅಟ್ಟ ಹತ್ತಿದ್ರು, ಅವರಿಗೆ ನಿಮ್ಮ ಮಾಲೀಕರ ಮುಂದೆ ನಿಂತು ಹೇಳೋ ಧೈರ್ಯ ಇಲ್ಲ, ನೀವಾದ್ರೂ ಹೇಳಿ ಅಂದೆ.’

ಅವರೇನಂದರು ಎಂದು ನಾನು ಕೇಳುವಷ್ಟರಲ್ಲಿ ಅವಳೇ ಹೇಳಿದಳು. ಖಂಡಿತ ಹೇಳ್ತೀನಮ್ಮ ಎಂದು ಫೋನ್ ಇಟ್ಟರಂತೆ. ಅದು ಯಾರ ದನಿ ಎಂದು ನಾನು ತಿಳಿಸಿದಾಗ ಸರಳಾಳ ಕೈಯ ಸೌಟು ಪಾತ್ರೆಯಲ್ಲೇ ಉಳಿಯಿತು. ಒಂದು ನಿಮಿಷ ಯೋಚನೆ ಮಾಡಿ, ‘ಒಳ್ಳೇದೇ ಆಯ್ತು ಬಿಡಿ, ಮಧ್ಯೆ ಇನ್ನೊಬ್ಬರು ಹೇಳೋದು ತಪ್ಪಿತು’ ಎಂದು ಮತ್ತೆ ಬಡಿಸತೊಡಗಿದಳು.

ಮಾರನೆಯ ಬೆಳಿಗ್ಗೆ ತ್ಯಾಗರಾಜನಗರದಿಂದ ಜಯನಗರಕ್ಕೆ ಸ್ಕೂಟರಿನಲ್ಲಿ ಹೋಗುವ ದಾರಿಯಲ್ಲಿ ಸಿಕ್ಕ ದೇವಸ್ಥಾನಗಳಿಗೆಲ್ಲ ಕೈ ಮುಗಿದೆ. ಹಸಿರು ದೀಪ ಬಂದಾಗಲೂ ಹೊರಡದೆ ನಿಂತು ಹಿಂದಿನವರಿಂದ ಬೈಸಿಕೊಂಡೆ. ಇನ್ನೆಲ್ಲಿ ಕೆಲಸ ಸಿಕ್ಕೀತು ಎಂದು ಮನಸ್ಸಿನಲ್ಲೇ ಎಣಿಸಿದೆ. ಎಲ್ಲಿ ಹೋದರೂ ನನ್ನ ಹಿಂದಿನ ಮಾಲೀಕರನ್ನು ವಿಚಾರಿಸುತ್ತಾರೆ, ಅವರು ಒಳ್ಳೆಯ ಮನುಷ್ಯ ಎಂದಷ್ಟೇ ಹೇಳುತ್ತಾರೆ, ಅದರ ಅರ್ಥ ಬಲ್ಲವರಿಗೆ ಗೊತ್ತಾಗುತ್ತದೆ. ಕಚೇರಿಯ ಮೆಟ್ಟಿಲು ಹತ್ತುತ್ತಿರುವಾಗಲೇ, ರಾಯರು ಕರೆಯುತ್ತಿದ್ದಾರೆ ಎಂದ ಪ್ರಭಾಕರ. ಲೋಕೇಶ ತನ್ನ ಚೀಲದ ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ.

ರಾಯರು ಬಾಗಿಲು ಹಾಕಿಸಿದರು. ಕೂತುಕೊಳ್ಳಲು ಹೇಳಿ ತಾವು ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಕ್ಷಮಿಸಿ ಎನ್ನಲು ಬಾಯಿ ತೆರೆದೆ, ಅವರು ಕೈಯೆತ್ತಿ ತಡೆದರು.

‘ನಿನ್ನೆ ಒಬ್ಬ ಹೆಣ್ಣುಮಗಳು ಫೋನಿನಲ್ಲಿ ನನಗೊಂದು ಮಾತು ಹೇಳಿದಳು ಕಣ್ರೀ ಮೂರ್ತಿ,’ ಎಂದರು. ‘ಎಷ್ಟು ನೆಮ್ಮದಿಯಾಯ್ತು ಗೊತ್ತಾ? ಈ ಫೋನು ನನಗೆ ಸಾಕಾಗಿ ಹೋಗಿತ್ತು. ಗಂಟಲು ಹೋಯ್ತು, ಬಿಸಿ ಊಟ ಹೋಯ್ತು, ಮನೇಲಿ ಇವಳು ಮಾತಾಡೋದೇ ಬಿಟ್ಟಿದ್ಳು. ಒಂದು ವಾರಕ್ಕೇ ನಿಲ್ಲಿಸೋಣ ಅಂತಿದ್ದೆ. ನೀವು ಅಷ್ಟು ಹೊಗಳಿದಿರಿ. ನಿಲ್ಲಿಸಿದ್ರೆ ನಿಮಗೆಲ್ಲ ಬೇಜಾರಾಗುತ್ತೇನೋ ಅಂತ ಹಾಗೇ ಎಳ್ಕೊಂಡು ಬಂದೆ.’

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅವರು ಫೋನ್ ಮಾಡುತ್ತಿದ್ದದ್ದು ನಮಗೆ ಬೇಜಾರಾಗಬಾರದೆಂದು. ನಾವು ಹೊಗಳುತ್ತಿದ್ದದ್ದು ಅವರಿಗೆ ಬೇಜಾರಾಗಬಾರದೆಂದು. ನಡುವೆ ಹುಡುಗರು ಊರ ಅಟ್ಟಗಳನ್ನೆಲ್ಲ ಹತ್ತಿ ಇಳಿಯುತ್ತಿದ್ದರು. ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ರಾಯರು ನನ್ನ ಮುಖ ನೋಡಿ ತಾವೂ ನಗತೊಡಗಿದರು. ಇಬ್ಬರೂ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ನನ್ನ ಎದೆಯ ಮೇಲೆ ತಿಂಗಳಿನಿಂದ ಕೂತಿದ್ದ ಬ್ಯಾಟರಿಯನ್ನು ಯಾರೋ ಇಳಿಸಿದಂತಾಗಿತ್ತು. ಅಷ್ಟು ಹಗುರಾಗಿ ನಾನು ಆ ಕೋಣೆಯಿಂದ ಎಂದೂ ಹೊರಬಂದಿರಲಿಲ್ಲ. ದೂರು ಬಂದರೆ ನೇರ ಸರ್ವೀಸಿಗೆ ಬರಲಿ, ಯಾವಾಗ ಹೋಗಬೇಕೆಂದು ಲೋಕೇಶನೇ ಹೇಳಲಿ ಎಂದು ರಾಯರು ಆಗಲೇ ತೀರ್ಮಾನಿಸಿದ್ದರು. ನಾನು ಹೊರಗೆ ಬಂದು ಹೇಳಿದಾಗ ಲೋಕೇಶ, ‘ಸಖತ್ತಾಗಿ ಹೇಳಿದೀರ ಸಾರ್ ನೀವು’ ಎಂದ. ನಾನೇನೂ ಹೇಳಲಿಲ್ಲವಪ್ಪ ಎಂದೆ. ಅವನು ಅದನ್ನು ವಿನಯವೆಂದು ತಿಳಿದ. ತಿದ್ದಲು ಹೋಗಲಿಲ್ಲ. ಬನಶಂಕರಿಯ ಅಜ್ಜಿ ಮಾತ್ರ ಕೆಲವು ದಿನ ತಾವೇ ಫೋನ್ ಮಾಡಿ, ಯಾಕೆ ನೀವು ಈಗ ವಿಚಾರಿಸುವುದಿಲ್ಲ, ಏನಾದರೂ ತೊಂದರೆಯೇ ಎಂದು ನಮ್ಮನ್ನೇ ಕೇಳುತ್ತಿದ್ದರು.

ಅಂದು ಸಂಜೆ ನಾನು ಹೊರಡುವಾಗ ರಾಯರು ಒಂದು ಮೈಸೂರು ಪಾಕಿನ ಡಬ್ಬಿ ತಂದು ನನ್ನ ಕೈಗಿಟ್ಟರು. ಆ ಫೋನಿನ ಹೆಣ್ಣುಮಗಳಿಗೆ ಕಂಪನಿಯ ಕಡೆಯಿಂದ ತಲುಪಿಸಬೇಕು ಎಂದರು. ಯಾರು, ಎಲ್ಲಿ ಎಂದು ನಾನು ಮುಖದ ಮೇಲೆ ಏನೂ ತೋರಿಸದೆ ಕೇಳಿದೆ. ‘ತ್ಯಾಗರಾಜನಗರ. ನಿಮಗೆ ದಾರಿ ಗೊತ್ತಿರುತ್ತೆ,’ ಎಂದರು ರಾಯರು, ಅವರೂ ಮುಖದ ಮೇಲೆ ಏನೂ ತೋರಿಸದೆ. ಆಮೇಲೆ, ‘ಮಗು ಹಾಡು ಅಂದ್ರೆ ರಜ ಕೇಳಬೇಕು ಕಣ್ರೀ’ ಎಂದು ಸೇರಿಸಿ ಒಳಗೆ ಹೋದರು.

ಮನೆಯಲ್ಲಿ ಡಬ್ಬಿ ಕೊಟ್ಟು ಎಲ್ಲವನ್ನೂ ಹೇಳಿದೆ. ಮಗಳು ಮೈಸೂರು ಪಾಕು ಕಂಡ ಮೇಲೆ ನನ್ನನ್ನು ಕ್ಷಮಿಸಿದಳು. ಊಟಕ್ಕೆ ಕೂತೆವು. ಆ ದಿನ ಹುಳಿಗೆ ಉಪ್ಪು ಸ್ವಲ್ಪ ಮುಂದಾಗಿತ್ತು, ಆದರೆ ಅಂಥ ದಿನ ಯಾರಿಗೆ ಬೇಕು ಆ ಮಾತು? ಮಜ್ಜಿಗೆ ಚೆನ್ನಾಗಿದೆ ಎಂದೆ. ಸರಳಾ ತಟ್ಟನೆ ಹುಳಿಯ ಪಾತ್ರೆಯನ್ನು ಎಳೆದುಕೊಂಡು, ರುಚಿ ನೋಡಿ, ಒಳಗಿನಿಂದ ಬೇಯಿಸಿದ ಬೇಳೆ ತಂದು ಬೆರೆಸಿದಳು. ನನಗೆ ಆಶ್ಚರ್ಯವಾಯಿತು. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

‘ಮದುವೆಯಾದ ವರ್ಷವೇ ಗೊತ್ತಾಯ್ತು. ನೀವು ಮಜ್ಜಿಗೆ ಹೊಗಳಿದ್ರೆ ಹುಳಿ ಕೆಟ್ಟಿದೆ ಅಂತ, ಚಟ್ನಿ ಹೊಗಳಿದ್ರೆ ದೋಸೆ ಸೀದಿದೆ ಅಂತ. ಪಾಪ, ನಿಮ್ಮ ರಾಯರಿಗೆ ಹೇಗೆ ಗೊತ್ತಾಗ್ಬೇಕು? ಅವರೇನು ನಿಮ್ಮನ್ನ ಮದುವೆ ಆಗಿದಾರಾ?’

ಇಷ್ಟು ವರ್ಷ ನಾನು ಬಹಳ ನಾಜೂಕಾಗಿ ಮುಚ್ಚಿಟ್ಟಿದ್ದೆ ಎಂದುಕೊಂಡಿದ್ದನ್ನೆಲ್ಲ ಅವಳು ಹುಳಿಗೆ ಬೇಳೆ ಬೆರೆಸಿದಷ್ಟು ಸುಲಭವಾಗಿ ಓದಿಕೊಂಡು ಬಂದಿದ್ದಳು. ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಹೇಳಲಾಗದಷ್ಟು ಸಮಾಧಾನ. ಊರಿನಲ್ಲಿ ಒಬ್ಬರಿಗಾದರೂ ನನ್ನ ಭಾಷೆ ಅರ್ಥವಾಗುತ್ತದಲ್ಲ ಎಂದು. ಈಗ ಇದೆಲ್ಲ ಹಳೆಯ ಕಥೆ. ಮೊನ್ನೆ ನೆನಪಾಗಿ ಕೂತು ಬರೆದೆ. ಬರೆದು ಮುಗಿಸಿ, ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳುವವಳು ಇವಳೇ ಎಂದು ಸರಳಾಳ ಕೈಗೇ ಕಾಗದಗಳನ್ನು ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಕಾಗದಗಳನ್ನು ಜೋಡಿಸಿ ನನ್ನ ಮುಂದಿಟ್ಟಳು. ಹೇಗಿದೆ ಎಂದು ಕೇಳಿದೆ.

‘ನಿಮ್ಮ ಅಕ್ಷರ ಈಗಲೂ ದುಂಡಗೆ ಎಷ್ಟು ಚೆನ್ನಾಗಿದೆ,’ ಎಂದಳು.